ಬೆಂಚಿನ ಮೇಲೆ ಕೂರೋಕೂ ಮೊದಲು ಒಂದು ಬೆಂಚು ಬೇಕು



ಇವತ್ತು ಸ್ವಲ್ಪ ಉದ್ದ ಬರೀತಿದ್ದೀನಿ. ವಿಷಯ ಕ್ರಿಕೆಟ್. ನಮ್ಮ ಹೋರಾಟಕ್ಕೂ ಕ್ರಿಕೆಟ್ಟಿಗೂ ಏನ್ರಿ ಸಂಬಂಧ ಅನ್ನೋರು ಕೊನೇ ತನಕ ಓದಿ, ಆಮೇಲೆ ಬೈರಿ.

2025ರ ಡಿಸೆಂಬರ್ ಕೊನೇ ವಾರ. ಮಸ್ಕಿ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡೀತಾ ನಿಂತಿದ್ದೆ. ಪಕ್ಕದಾಗ ನಾಲ್ಕು ಹುಡುಗರು ಒಂದೇ ಮೊಬೈಲಿಗೆ ಮುಖ ಹಾಕಿಕೊಂಡು ಮಾತಾಡ್ತಿದ್ರು.

"ಕೆ. ಗೌತಮ್ ರಿಟೈರ್ ಆದ್ನಂತಲೇ."

"ಯಾವ ಗೌತಮಲೇ?"

"ಚೆನ್ನೈದಾಗ ಒಂಬತ್ತು ಕೋಟಿ ತಗೊಂಡು ಒಂದ್ ಮ್ಯಾಚೂ ಆಡ್ಲಿಲ್ಲಲ್ಲ, ಅವ."

"ನಸೀಬಂದ್ರ ಅವಂದು ನೋಡಲೇ. ಕುಂತು ದುಡದ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಫೀಸಿಗೆ ಹೋಗಿ ಫೈಲು ಬಿಚ್ಚಿದ ಮೇಲೆ ಆ ಮಾತು ತಲೆಯಿಂದ ಹೋಗಲೇ ಇಲ್ಲ. ಕುಂತು ದುಡಿಯೋದು. ಆಡದೇ ಸಂಬಳ ತಗೊಳ್ಳೋದು. ಇದು ನಸೀಬು ಹೌದಾ? ಹೌದಾದರೆ ಆ ನಸೀಬು ಯಾರಿಗೆ ಬರ್ತದ, ಯಾರಿಗೆ ಬರಲ್ಲ? ಇದನ್ನೇ ಬರೀಬೇಕು ಅನಿಸಿತು.

ಮೊದಲು ಕೃಷ್ಣಪ್ಪ ಗೌತಮ್ ಬಗ್ಗೆ. ಬೆಂಗಳೂರಿನವನು, ಹುಟ್ಟಿದ್ದು 1988. ಆಫ್ ಸ್ಪಿನ್ ಹಾಕ್ತಾನೆ, ಕೆಳಗಿನ ಕ್ರಮಾಂಕದಲ್ಲಿ ಬಂದು ಸಿಕ್ಸರ್ ಎತ್ತುತಾನೆ. 2012ರಲ್ಲಿ ಕರ್ನಾಟಕದ ಪರ ರಣಜಿಗೆ ಇಳಿದ. ಆಮೇಲೆ ತಂಡದಿಂದ ಹೊರಗೆ. ಮತ್ತೆ ಕಾಲೂರಿ ನಿಂತಿದ್ದು 2016ರ ಹೊತ್ತಿಗೆ. 2017ರಲ್ಲಿ ಮುಂಬೈ ಇಂಡಿಯನ್ಸ್ ಅವನನ್ನ 2 ಕೋಟಿಗೆ ಕೊಂಡಿತು, ಒಂದೂ ಮ್ಯಾಚ್ ಆಡಿಸಲಿಲ್ಲ. 2018ರಲ್ಲಿ ರಾಜಸ್ಥಾನ್ ರಾಯಲ್ಸ್ 6.2 ಕೋಟಿ ಕೊಟ್ಟಿತು. ಆ ವರ್ಷ ಜೈಪುರದಲ್ಲಿ ಮುಂಬೈ ಮೇಲೆ 11 ಬಾಲಿಗೆ 33 ಹೊಡೆದು, ಕೈಬಿಟ್ಟು ಹೋಗಿದ್ದ ಮ್ಯಾಚ್ ಗೆಲ್ಲಿಸಿದ. 2020ಕ್ಕೆ ಪಂಜಾಬ್. 2021ರ ಹರಾಜಿನಲ್ಲಿ 20 ಲಕ್ಷದ ಮೂಲ ಬೆಲೆಯಿಂದ ಶುರುವಾಗಿ 9.25 ಕೋಟಿಗೆ ಹೋಗಿ ನಿಂತ. ಭಾರತ ತಂಡಕ್ಕೆ ಇನ್ನೂ ಆಡದ ಆಟಗಾರನೊಬ್ಬನಿಗೆ ಅಲ್ಲಿಯವರೆಗೆ ಐಪಿಎಲ್‌ನಲ್ಲಿ ಯಾರೂ ಕೊಟ್ಟಿರದ ಬೆಲೆ ಅದು. ಕೊಂಡಿದ್ದು ಚೆನ್ನೈ ಸೂಪರ್ ಕಿಂಗ್ಸ್. ಆ ವರ್ಷ ಚೆನ್ನೈ ಕಪ್ ಗೆದ್ದಿತು. ಗೌತಮ್ ಒಂದು ಬಾಲೂ ಹಾಕಲಿಲ್ಲ. ಮರುವರ್ಷ ಲಖನೌ, 90 ಲಕ್ಷ.

ಅದೇ 2021ರ ಶುರುವಿನಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್ ಸರಣಿಗೆ ಅವನು ಭಾರತ ತಂಡದ ಜೊತೆ ಇದ್ದ, ಆಟಗಾರನಾಗಿ ಅಲ್ಲ, ನೆಟ್ ಬೌಲರ್ ಆಗಿ. ಜುಲೈನಲ್ಲಿ ಕೊಲಂಬೋದಲ್ಲಿ ಶ್ರೀಲಂಕಾ ವಿರುದ್ಧ ಒಂದು ಏಕದಿನ ಪಂದ್ಯ ಸಿಕ್ಕಿತು, ಒಂದು ವಿಕೆಟ್ ತಗೊಂಡ. ಅದೇ ಪ್ರವಾಸದಲ್ಲಿ ಕೋವಿಡ್ ಬಂತು. ಭಾರತದ ಪರ ಅವನ ಲೆಕ್ಕ ಅಲ್ಲಿಗೆ ಮುಗೀತು. ಒಂದೇ ಮ್ಯಾಚ್.

ಹಂಗಂತ ಆಟ ಇರಲಿಲ್ಲ ಅನ್ನೋಕಾಗಲ್ಲ. 2019ರ ಕೆಪಿಎಲ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ಪರ ಶಿವಮೊಗ್ಗ ತಂಡದ ಮೇಲೆ 56 ಬಾಲಿಗೆ 134 ಹೊಡೆದು, ಅದೇ ಮ್ಯಾಚಿನಲ್ಲಿ 15 ರನ್ನಿಗೆ 8 ವಿಕೆಟ್ ಕಿತ್ತ. ಆ ಟೂರ್ನಿಗೆ ಅಧಿಕೃತ ಟಿ20 ಮಾನ್ಯತೆ ಇರಲಿಲ್ಲ, ಹಂಗಾಗಿ ಅದು ದಾಖಲೆ ಪುಸ್ತಕಕ್ಕೆ ಸೇರಲಿಲ್ಲ. ರಣಜಿಯಂಥ ದೊಡ್ಡ ಪಂದ್ಯಗಳಲ್ಲಿ ಇನ್ನೂರಕ್ಕೂ ಹೆಚ್ಚು ವಿಕೆಟ್ ಅವನ ಹೆಸರಲ್ಲಿವೆ. ಇಂಥವನು ಊರೂರು ತಿರುಗಿ, ಒಂದೊಂದು ವರ್ಷ ಒಂದೊಂದು ಬಣ್ಣದ ಅಂಗಿ ಹಾಕಿಕೊಂಡು, ಬಹಳಷ್ಟು ಸಲ ಬೆಂಚಿನ ಮೇಲೆ ಕೂತು, 37ಕ್ಕೆ ಆಟ ಬಿಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅಸೂಯೆನೂ ಇಲ್ಲ. ದುಡಿದಿದ್ದಾನೆ, ತಗೊಂಡಿದ್ದಾನೆ. ಕರೆದಾಗ ಎದ್ದು ಹೋಗೋಕೆ ದಿನಾ ತಯಾರಾಗಿರೋದೂ ದುಡಿಮೆನೇ.

ಅವನು ಕಾಯ್ತಾ ಇದ್ದಾಗ ಅವನಿಗೆ ಏನೇನಿತ್ತು ಅನ್ನೋದನ್ನ ಸ್ವಲ್ಪ ನೋಡಿ. ನೆಟ್ ಇತ್ತು. ಕೋಚ್ ಇದ್ದ. ಮೈ ನೋವಾದರೆ ಫಿಸಿಯೋ ಇದ್ದ. ಊಟ, ರೂಮು, ವಿಮಾನದ ಟಿಕೆಟ್ ಇತ್ತು. ಇಡೀ ಸೀಸನ್ ತಂಡಕ್ಕೆ ಲಭ್ಯ ಇದ್ದರೆ ಆಡಿದರೂ ಆಡದಿದ್ದರೂ ಒಪ್ಪಂದದ ಹಣ ಬರ್ತದೆ. ಐಪಿಎಲ್ ಬಿಡಿ, ರಣಜಿಯಲ್ಲೂ ಹಂಗೇ. 2021ರಲ್ಲಿ ಬಿಸಿಸಿಐ ಸಂಭಾವನೆ ಏರಿಸಿದಾಗ 40ಕ್ಕಿಂತ ಹೆಚ್ಚು ಪಂದ್ಯ ಆಡಿದ ಹಿರಿಯನಿಗೆ ದಿನಕ್ಕೆ 60 ಸಾವಿರ ಅಂತ ಮಾಡಿದರು. ಹನ್ನೊಂದರೊಳಗೆ ಬರದೆ ಹೊರಗೆ ಕೂತವನಿಗೆ ಅದರ ಅರ್ಧ. ಅಂದರೆ ಕಾಯೋದಕ್ಕೂ ಒಂದು ರೇಟ್ ಇದೆ. ಕಾಯೋದಕ್ಕೂ ಒಂದು ಮರ್ಯಾದೆ ಇದೆ.

ಇಂಥವರನ್ನ ಕನ್ನಡ ಪೇಪರಿನವರು ಏನಂತ ಕರೀತಾರೆ? "ಮೀಸಲು ಆಟಗಾರ."

ಈ ಪದ ನೋಡಿದಾಗೆಲ್ಲಾ ನನಗೆ ಒಳಗೊಳಗೇ ನಗು ಬರ್ತದೆ. ನಮ್ಮ ಹಳ್ಳಿಗಳಲ್ಲಿ ಮೀಸಲು ಅಂದರೆ ದೇವರಿಗೆ ಅಂತ ಎತ್ತಿಟ್ಟದ್ದು. ಮೊದಲ ಹಾಲು ಮೀಸಲು, ಮೊದಲ ತೆನೆ ಮೀಸಲು. ಯಾರೂ ಮುಟ್ಟಬಾರದು, ಗೌರವದಿಂದ ಕಾಯಬೇಕು. ಕ್ರಿಕೆಟ್ಟಿನಲ್ಲಿ ಮೀಸಲು ಅಂದರೆ ತಂಡಕ್ಕೆ ಬೇಕಾದವನು, ಕೈಗೆ ಸಿಗುವ ಹಾಗೆ ಇಟ್ಟುಕೊಂಡವನು. ಅದೇ ಪದಕ್ಕೆ ಒಂದು "ತಿ" ಸೇರಿಸಿ ನಮ್ಮ ಹುಡುಗನ ಮುಂದೆ ಹೇಳಿದರೆ ಬೈಗುಳ. "ಮೀಸಲಾತಿ ಗಿರಾಕಿ." ಬೆಂಗಳೂರಿನ ಕಾಲೇಜಿರಲಿ, ಸಿಂಧನೂರಿನ ಆಫೀಸಿರಲಿ, ಧ್ವನಿ ಒಂದೇ. 9 ಕೋಟಿ ಕೊಟ್ಟು ಬೆಂಚಿನಲ್ಲಿ ಕೂರಿಸಿದವನಿಗೆ ಯಾರೂ "ಮೆರಿಟ್ ಎಲ್ಲಪ್ಪಾ, ಎಷ್ಟು ರನ್ ಹೊಡೆದಿ" ಅಂತ ಕೇಳಲ್ಲ. ಕೇಳಲೂಬಾರದು. ನಮ್ಮ ಹುಡುಗ ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳ್ತಾರೆ.

ಈಗ ನನ್ನ ಕಥೆ ಹೇಳ್ತೀನಿ.

ಮಸ್ಕಿ ಹತ್ತಿರದ ಒಂದು ಹಳ್ಳಿ ನಮ್ಮದು. 1996ರ ವರ್ಲ್ಡ್ ಕಪ್ ಹೊತ್ತಿಗೆ ಊರ ತುಂಬ ಕ್ರಿಕೆಟ್ ಹುಚ್ಚು. ಊರಿನ ಹುಡುಗರು ಎರಡೆರಡು ರೂಪಾಯಿ ಪಟ್ಟಿ ಹಾಕಿ ಬ್ಯಾಟು, ಬಾಲು ತಂದರು. ಕೇರಿಯಿಂದ ನಾವು ನಾಲ್ಕೈದು ಮಂದಿ ಹೋಗಿ ನಿಲ್ತಿದ್ದೆವು. ನಮ್ಮನ್ನ ಬ್ಯಾಡ ಅಂತ ಯಾರೂ ಅನ್ನಲಿಲ್ಲ. ಬಾಲು ಜಾಲಿ ಗಿಡದಾಗ ಹೋದರೆ ಯಾರು ತರಬೇಕು? ಕೊಳಚೆಗೆ ಬಿದ್ದರೆ ಯಾರು ತೆಗೀಬೇಕು? ಫೀಲ್ಡಿಂಗ್ ಪೂರ್ತಿ ನಮ್ಮದು, ಬ್ಯಾಟಿಂಗ್ ಪೂರ್ತಿ ಅವರದು.

ನಮ್ಮ ದೊಡ್ಡಪ್ಪನ ಮಗ ಒಬ್ಬ ಇದ್ದ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಅವನ ಕೈ ಎಂಥಾ ಕೈ! ಸಂಜೆ ತನಕ ಅವನ ಕೈಲೇ ಬೌಲಿಂಗ್ ಹಾಕಿಸಿಕೊಂಡು ಊರಿನ ಹುಡುಗರು ಬ್ಯಾಟಿಂಗ್ ಕಲಿತರು. ಈಗಿನ ಭಾಷೆಯಲ್ಲಿ ಹೇಳೋದಾದರೆ ನೆಟ್ ಬೌಲರ್. ಒಂದು ಸಲ ಸಿಂಧನೂರು ಕಡೆ ಟೂರ್ನಮೆಂಟ್ ಇತ್ತು. ಟ್ರ್ಯಾಕ್ಟರಿನಲ್ಲಿ ಅವನನ್ನೂ ಹತ್ತಿಸಿಕೊಂಡರು. ಅವತ್ತು ನಮ್ಮ ಕೇರಿಯಲ್ಲಿ ಹಬ್ಬ. ರಾತ್ರಿ ವಾಪಸ್ ಬಂದ. "ಆಡಿದೇನಣ್ಣಾ?" ಅಂತ ಕೇಳಿದೆ. "ಇಲ್ಲೋ ತಮ್ಮಾ, ಎಕ್ಸ್ಟ್ರಾ ಇದ್ದೆ" ಅಂದ. "ಮತ್ತ ನೀರ್ ಒಯ್ದೇನು? ಟೀವಿದಾಗ ಒಯ್ತಾರಲ್ಲ?" ಅಂದೆ. ಸುಮ್ಮನಾದ.

ಆ ವಯಸ್ಸಿಗೆ ನನಗೆ ತಿಳಿದಿರಲಿಲ್ಲ, ಈಗ ತಿಳಿದದ. ಹನ್ನೆರಡನೇ ಆಟಗಾರನ ಕೆಲಸ ಏನು? ನೀರು ಒಯ್ಯೋದು. ನಮ್ಮ ಕೈಯಿಂದ ಅವರು ನೀರು ಕುಡೀತಿರಲಿಲ್ಲ. ಹಂಗಾಗಿ ನನ್ನ ಅಣ್ಣ ಹನ್ನೊಂದರಲ್ಲೂ ಇರಲಿಲ್ಲ, ಹನ್ನೆರಡನೆಯವನೂ ಆಗಲಿಲ್ಲ. ನೀರಿನ ಕೊಡ ಬೇರೆಯವನು ಒಯ್ದ. ಇವನು ಬೌಂಡರಿ ಆಚೆ ಬೇವಿನ ಗಿಡದ ಕೆಳಗೆ ಚಪ್ಪಲಿ ಕಾದ.

ಮುಂದಿನ ವರ್ಷ ಅವನು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ನಮ್ಮ ಭಾಗದಾಗ ಮಳಿ ಹೋತಂದ್ರ ಊರಿಗೂರೇ ಗುಳೆ ಹೋಗ್ತದ, ಅವನೂ ಹೋದ. ಆ ಕೈ ಆಮೇಲೆ ಮೂವತ್ತು ವರ್ಷ ಸಿಮೆಂಟ್ ಬುಟ್ಟಿ ಎತ್ತಿತು.

ನಾನು ಬಿ.ಎ. ಮಾಡಿಕೊಂಡು ಗುಮಾಸ್ತನಾದೆ. ಒಂದು ಆಫೀಸಿನಲ್ಲಿ ಮೇಲಿನ ಹುದ್ದೆ ಖಾಲಿ ಆದಾಗ ಆ ಟೇಬಲ್ಲು ನನಗೆ "ಪ್ರಭಾರ" ಕೊಟ್ಟರು. ಪ್ರಭಾರ ಅಂದರೆ ಗೊತ್ತಲ್ಲ? ಕೆಲಸ ಆ ಹುದ್ದೇದು, ಸಂಬಳ ಈ ಹುದ್ದೇದು. ನಾಲ್ಕು ವರ್ಷ ಎರಡೂ ಟೇಬಲ್ ನೋಡಿದೆ. ಆಡಿಟ್ ಬಂದರೆ ನಾನು, ಸಭೆಗೆ ಅಂಕಿ ಅಂಶ ಬೇಕಂದರೆ ನಾನು. ಒಂದು ದಿನ ಆ ಕುರ್ಚಿಗೆ ಬೇರೆ ಕಡೆಯಿಂದ ಒಬ್ಬರು ಬಂದರು. ಸಾಹೇಬರು ನನ್ನನ್ನ ಕರೆದು, "ನಿಮಗೆ ಅನುಭವ ಅದ, ಇವರಿಗೊಂದಿಷ್ಟು ಕೆಲಸ ಕಲಿಸಿಕೊಡ್ರಿ" ಅಂದರು. ಕಲಿಸಿಕೊಟ್ಟೆ. ಅವತ್ತು ನನಗೆ ನನ್ನ ಅಣ್ಣನ ಬೌಲಿಂಗ್ ನೆನಪಾಯ್ತು.

ಇದು ನನ್ನೊಬ್ಬನ ಗೋಳಲ್ಲ. 2017ರ ಫೆಬ್ರುವರಿಯಲ್ಲಿ ಬಿ.ಕೆ. ಪವಿತ್ರ ಪ್ರಕರಣದ ತೀರ್ಪು ಬಂದ ಮೇಲೆ ರಾಜ್ಯದಲ್ಲಿ ಏನಾಯ್ತು ನೆನಪು ಮಾಡ್ಕೊಳ್ರಿ. ಮುಂಬಡ್ತಿ ಜೇಷ್ಠತೆಯ ಪಟ್ಟಿ ತಿರುಗಾ ಮುರುಗಾ ಆಯ್ತು. ವರ್ಷಗಟ್ಟಲೆ ಒಂದು ಕುರ್ಚಿಯಲ್ಲಿ ಕೆಲಸ ಮಾಡಿದ ನಮ್ಮವರನ್ನ ಹಿಂಬಡ್ತಿ ಕೊಟ್ಟು ಕೆಳಗೆ ಕೂರಿಸಿದರು. ಸರ್ಕಾರ ಹೊಸ ಕಾಯ್ದೆ ತಂದು, 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡಿಯೋ ತನಕ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲ. ಒಮ್ಮೆ ಆಡಿಸಿ, ಆಮೇಲೆ ಬೆಂಚಿಗೆ ಕಳಿಸಿ, ಮತ್ತೆ ಕರೆಯೋದು ಅಂದರೆ ಏನು ಅಂತ ಆ ನೌಕರರನ್ನ ಕೇಳಬೇಕು.

ಇನ್ನೊಂದು ದೇಶದ ಕಥೆ ಹೇಳ್ತೀನಿ, ಯಾಕಂದರೆ ಇದು ನಮ್ಮಲ್ಲಿ ಮಾತ್ರ ಇರೋ ರೋಗ ಅಲ್ಲ. ಕೊಲಿನ್ ಕೆಪರ್ನಿಕ್ ಹೆಸರು ನಮ್ಮ ವಲಯದ ಬಹಳ ಮಂದಿಗೆ ಗೊತ್ತು. 2016ರಲ್ಲಿ ಅಮೆರಿಕದಲ್ಲಿ ಕರಿಯರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧ, ರಾಷ್ಟ್ರಗೀತೆ ಹೊತ್ತಿಗೆ ಮೊಣಕಾಲೂರಿ ಕೂತ ಆಟಗಾರ. ಅವನ ಬಗ್ಗೆ ಓದ್ತಾ ಓದ್ತಾ ಇನ್ನೊಬ್ಬನ ಕಥೆ ಸಿಕ್ಕಿತು. ಜೋಶ್ ಜಾನ್ಸನ್ ಅಂತ, ಅವನೂ ಕರಿಯ.

ಅಮೆರಿಕದ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡು ಅಲ್ಲ. ಕೈಯಲ್ಲಿ ಹಿಡಿದು ಎಸೆಯೋ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಅನ್ನೋನು ತಂಡದ ತಲೆ ಇದ್ದಂಗೆ. ಪ್ರತಿ ಬಾಲ್ ಅವನ ಕೈಗೆ ಬರ್ತದೆ, ಯಾರಿಗೆ ಎಸೀಬೇಕು ಅಂತ ಅವನೇ ತೀರ್ಮಾನ ಮಾಡಬೇಕು. ಒಂದು ತಂಡಕ್ಕೆ ಆಡೋ ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಅವನಿಗೆ ಏಟು ಬಿದ್ದರೆ ಇರಲಿ ಅಂತ ಇನ್ನೊಬ್ಬನನ್ನ ಸಂಬಳ ಕೊಟ್ಟು ಇಟ್ಟುಕೊಂಡಿರ್ತಾರೆ. ಜಾನ್ಸನ್ ಆ ಇನ್ನೊಬ್ಬ. 2008ರಿಂದ ಶುರು ಮಾಡಿ, ಎನ್‌ಎಫ್‌ಎಲ್‌ನ 32 ತಂಡಗಳಲ್ಲಿ 14 ತಂಡಗಳ ಅಂಗಿ ಹಾಕಿದ. ಅಷ್ಟು ತಂಡ ಇನ್ಯಾರೂ ತಿರುಗಿಲ್ಲ, ದಾಖಲೆ. 2018ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ತಂಡದ ಒಬ್ಬರ ಹಿಂದೆ ಒಬ್ಬ ಕ್ವಾರ್ಟರ್‌ಬ್ಯಾಕ್ ಕಾಲು ಮುರಿದುಕೊಂಡಾಗ ಇವನನ್ನ ಕರೆಸಿದರು. ಹೊಸ ತಂಡದ ಹುಡುಗರ ಹೆಸರೂ ಗೊತ್ತಿಲ್ಲ. ವಿಡಿಯೋ ಗೇಮ್ ಆಡಿ ಹೆಸರು ಕಲಿತ. ಶುರುವಿನಿಂದ ಇಳಿದ ಪಂದ್ಯ ಒಂದನ್ನ ಮೊದಲ ಸಲ ಗೆದ್ದಿದ್ದು ಆಗಲೇ, ಆಟಕ್ಕೆ ಸೇರಿ ಹತ್ತು ವರ್ಷದ ಮೇಲೆ.

2023ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಫೈನಲ್ಲಿಗೆ ಒಂದೇ ಮೆಟ್ಟಿಲು ದೂರದಲ್ಲಿತ್ತು. ಮುಖ್ಯ ಆಟಗಾರನ ಮೊಣಕೈಗೆ ಪೆಟ್ಟಾಯ್ತು, ಜಾನ್ಸನ್ ಇಳಿದ. ಅವನ ತಲೆಗೂ ಏಟು ಬಿದ್ದು ಹೊರಗೆ ಹೋಗಬೇಕಾಯ್ತು. ಮೂರನೆಯವನು ಇಲ್ಲ. ಎಸೆಯೋಕಾಗದ ಕೈ ಹಿಡಿದುಕೊಂಡು ಮೊದಲನೆಯವನೇ ವಾಪಸ್ ಬಂದ, ತಂಡ ಸೋತಿತು. ಆಮೇಲೆ ಲೀಗಿನವರು ನಿಯಮವನ್ನೇ ಬದಲಿಸಿ, ತುರ್ತಿಗೆ ಮೂರನೇ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಳ್ಳೋಕೆ ಅವಕಾಶ ಕೊಟ್ಟರು. ಬೆಂಚಿನ ಬೆಲೆ ಬೆಂಚು ಖಾಲಿ ಆದಾಗ ಗೊತ್ತಾಯ್ತು.

ಇಲ್ಲಿ ಎರಡು ಮಾತು ಗಮನಿಸಬೇಕು.

ಒಂದು, ಅಮೆರಿಕದಲ್ಲಿ ಕರಿಯರಿಗೆ ಈ ಜಾಗ ಸುಮ್ಮನೆ ಸಿಕ್ಕಿದ್ದಲ್ಲ. ಓಡೋದು, ಡಿಕ್ಕಿ ಹೊಡೆಯೋದು ಅವರಿಗೆ, ತಲೆ ಓಡಿಸೋ ಜಾಗ ಬಿಳಿಯರಿಗೆ ಅಂತ ಬರೆಯದ ಕಾನೂನು ಇತ್ತು. 1978ರಲ್ಲಿ ವಾರೆನ್ ಮೂನ್ ಅನ್ನೋ ಆಟಗಾರನನ್ನ ಒಂದು ತಂಡವೂ ಆರಿಸಲಿಲ್ಲ. ಕೆನಡಾಕ್ಕೆ ಹೋದ, ಅಲ್ಲಿ ಸತತ ಐದು ಸಲ ಕಪ್ ಗೆದ್ದ, ಆಮೇಲೆ ಇವರೇ ಕರೆದರು. ಕರಿಯ ಕ್ವಾರ್ಟರ್‌ಬ್ಯಾಕ್ ಒಬ್ಬ ಸೂಪರ್ ಬೌಲ್ ಗೆದ್ದಿದ್ದು 1988ರಲ್ಲಿ, ಡಗ್ ವಿಲಿಯಮ್ಸ್. ಅವರೆಲ್ಲಾ ಬಾಗಿಲು ಒದ್ದು ತೆಗೆದಿದ್ದಕ್ಕೇ ಜಾನ್ಸನ್‌ಗೆ ಹದಿನಾಲ್ಕು ತಂಡದಲ್ಲಿ ಬೆಂಚು ಸಿಕ್ಕಿದ್ದು.

ಎರಡು, ಕೆಪರ್ನಿಕ್. ತಂಡವನ್ನ ಸೂಪರ್ ಬೌಲ್ ತನಕ ಒಯ್ದವನು. ಮೊಣಕಾಲೂರಿದ ಸೀಸನ್ ಮುಗಿದ ಮೇಲೆ, 29ನೇ ವಯಸ್ಸಿಗೆ, 32 ತಂಡಗಳಲ್ಲಿ ಒಂದೂ ಅವನನ್ನ ತಗೊಳ್ಳಲಿಲ್ಲ. ಮುಖ್ಯ ಆಟಗಾರನಾಗಿ ಬ್ಯಾಡ, ಎರಡನೆಯವನಾಗಿಯೂ ಬ್ಯಾಡ, ಮೂರನೆಯವನಾಗಿಯೂ ಬ್ಯಾಡ. ಬೆಂಚಿಗೆ ಬೇಕಾದ್ದು ಬರೀ ಆಟ ಅಲ್ಲ, ಬಾಯಿ ಮುಚ್ಚಿಕೊಂಡಿರೋದೂ ಹೌದು ಅನ್ನೋದು ಅವತ್ತು ಜಗತ್ತಿಗೇ ಕಾಣಿಸಿತು. ನಮ್ಮ ಆಫೀಸುಗಳಲ್ಲಿ "ಅವ ಸಂಘಟನೆ ಮನುಷ್ಯ, ಬ್ಯಾಡ ಬಿಡ್ರಿ" ಅನ್ನೋ ಮಾತು ಕೇಳಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

"ಕ್ರಿಕೆಟ್ಟಿನಲ್ಲಿ ಜಾತಿ ಎಲ್ಲಿ ಐತ್ರಿ" ಅಂತ ಕೇಳೋರಿಗೆ ನಮ್ಮ ಧಾರವಾಡದ ಒಂದು ಹೆಸರು ಹೇಳ್ತೀನಿ. ಬಾಳೂ ಪಾಲವಣಕರ. ಚಮ್ಮಾರ ಸಮುದಾಯದಲ್ಲಿ, ಧಾರವಾಡದಲ್ಲಿ ಹುಟ್ಟಿದವರು. ತಂದೆ ಸೈನ್ಯದ ನೌಕರಿಯಲ್ಲಿ ಪುಣೆಯಲ್ಲಿದ್ದರು. ಬಾಳೂ ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸೋಕೆ, ರೋಲರ್ ಎಳೆಯೋಕೆ ತಿಂಗಳಿಗೆ 3 ರೂಪಾಯಿಗೆ ಸೇರಿದರು. ಆಮೇಲೆ ಬಿಳಿಯರ ಪುಣೆ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಸಾಹೇಬರು ಪ್ರಾಕ್ಟೀಸ್ ಮಾಡೋಕೆ ಇವರು ಬೌಲಿಂಗ್ ಹಾಕಬೇಕು. ಎಡಗೈ ಸ್ಪಿನ್. ಹಾಕೀ ಹಾಕೀ ದೇಶದಲ್ಲೇ ಅಂಥ ಬೌಲರ್ ಇಲ್ಲ ಅನ್ನೋ ಹಂಗಾದರು. ಬ್ಯಾಟ್ ಮಾತ್ರ ಯಾರೂ ಕೈಗೆ ಕೊಡಲಿಲ್ಲ. ನನ್ನ ಅಣ್ಣನ ಕಥೆ ಇದಕ್ಕಿಂತ ಬೇರೆ ಏನು? ನಡುವೆ ನೂರು ವರ್ಷ ಅಷ್ಟೇ.

ಪುಣೆಯ ಹಿಂದೂಗಳ ತಂಡಕ್ಕೆ ಬಿಳಿಯರನ್ನ ಸೋಲಿಸಬೇಕಿತ್ತು, ಹಂಗಾಗಿ ಬಾಳೂ ಬೇಕಾದರು. ಮೈದಾನದಲ್ಲಿ ಅವರು ಮುಟ್ಟಿದ ಬಾಲನ್ನ ಇವರು ಮುಟ್ಟುತಿದ್ದರು. ಚಹಾ ಹೊತ್ತಿಗೆ ಬಾಳೂಗೆ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಬಟ್ಟಲಲ್ಲಿ ಚಹಾ. 1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಬಾಳೂ ಒಬ್ಬರೇ ನೂರಕ್ಕೂ ಹೆಚ್ಚು ವಿಕೆಟ್ ತಗೊಂಡರು. ವಾಪಸ್ ಬಂದಾಗ ಬಾಂಬೆಯಲ್ಲಿ ನಮ್ಮ ಜನ ಸನ್ಮಾನ ಮಾಡಿದರು. ತರುಣ ಅಂಬೇಡ್ಕರ್‌ಗೂ ಅವರ ಮೇಲೆ ಅಭಿಮಾನ ಇತ್ತು.

ಇಷ್ಟಾದರೂ ಹಿಂದೂ ತಂಡದ ನಾಯಕ ಅವರಾಗಲೇ ಇಲ್ಲ. ಕೈ ಬೇಕು, ತಲೆ ಬ್ಯಾಡ. 1920ರಲ್ಲಿ ಬಾಳೂವನ್ನ ತಂಡದಿಂದಲೇ ಬಿಟ್ಟಾಗ ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ "ನಾವೂ ಆಡಲ್ಲ" ಅಂತ ಹೊರಗೆ ಬಂದರು. ಇದನ್ನ ಓದಿದಾಗ ನನಗೆ ಮೈ ಜುಮ್ಮಂತು. ಅದಾದ ಮೇಲೆ ಬಾಳೂವನ್ನ ಕರೆದು ಉಪನಾಯಕ ಮಾಡಿದರು. ಮುಂದೆ 1923ರಲ್ಲಿ ತಮ್ಮ ವಿಠ್ಠಲ ನಾಯಕರಾದರು. ಅಣ್ಣನಿಗೆ ಸಿಗದೇ ಇದ್ದದ್ದು ತಮ್ಮನಿಗೆ ಸಿಕ್ಕಿತು, ಬೇಡಿಕೊಂಡಿದ್ದಕ್ಕಲ್ಲ, ಆಡಲ್ಲ ಅಂದಿದ್ದಕ್ಕೆ.

ಇನ್ನೊಂದು ಸತ್ಯನೂ ಹೇಳಿಬಿಡ್ತೀನಿ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಇದೇ ಬಾಳೂ 1937ರ ಚುನಾವಣೆಯಲ್ಲಿ ಬಾಂಬೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ವಿರುದ್ಧ ನಿಂತು ಸೋತರು. ಹೊರಗೆ ಬಟ್ಟಲಲ್ಲಿ ಚಹಾ ಕೊಟ್ಟವರೇ ಬಾಬಾಸಾಹೇಬರನ್ನ ತಡೆಯೋಕೆ ಅವರನ್ನ ಮುಂದೆ ಬಿಟ್ಟರು. ಬೆಂಚಿನ ಮೇಲೆ ಕೂರಿಸಿಕೊಂಡವರು ಯಾವಾಗ, ಯಾರ ಮೇಲೆ ಇಳಿಸ್ತಾರೆ ಅನ್ನೋದೂ ಅವರ ಕೈಯಲ್ಲೇ ಇರ್ತದೆ. ಇದನ್ನ ನಾನು ಬಾಳೂಗೆ ಬೈಯೋಕೆ ಹೇಳ್ತಿಲ್ಲ. ಇವತ್ತು ನಮ್ಮ ನಡುವೆ ಟಿಕೆಟ್ಟಿಗೆ, ನಿಗಮ ಮಂಡಳಿಗೆ ಕಾಯ್ತಾ ಕೂತ ಗೆಳೆಯರು ನೆನಪಿಡಲಿ ಅಂತ ಹೇಳ್ತಿದ್ದೀನಿ.

"ಹಂಗಾರ ಟೀಮಿನಾಗೂ ಮೀಸಲಾತಿ ಬೇಕೇನ್ರಿ, ದೇಶ ಸೋತೋಗ್ತದ" ಅಂತ ಒಬ್ಬರಾದರೂ ಕೇಳ್ತಾರೆ. ದಕ್ಷಿಣ ಆಫ್ರಿಕಾ ನೋಡ್ರಿ. 2016ರಲ್ಲಿ ಅಲ್ಲಿನ ಮಂಡಳಿ ಒಂದು ನಿಯಮ ತಂದಿತು: ಒಂದು ಸೀಸನ್ನಿನ ಸರಾಸರಿ ಲೆಕ್ಕದಲ್ಲಿ ತಂಡದಲ್ಲಿ ಕನಿಷ್ಠ ಆರು ಮಂದಿ ಬಿಳಿಯರಲ್ಲದವರು, ಅದರಲ್ಲಿ ಇಬ್ಬರು ಕರಿಯ ಆಫ್ರಿಕನ್ನರು ಇರಬೇಕು. ಟೆಂಬಾ ಬವುಮಾನನ್ನ "ಕೋಟಾ ಆಟಗಾರ" ಅಂತ ಎಷ್ಟು ಹೀಯಾಳಿಸಿದರು, ಅವನ ಎತ್ತರ ನೋಡಿ ಎಷ್ಟು ನಕ್ಕರು. 2025ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾವನ್ನ ಸೋಲಿಸಿ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಎತ್ತಿ ಹಿಡಿದ ನಾಯಕ ಅವನೇ. ನಾಳೆಯೇ ಭಾರತ ತಂಡದಲ್ಲಿ ಇಷ್ಟು ಜನ ಬೇಕು ಅಂತ ನಾನು ಲೆಕ್ಕ ಕೊಡ್ತಿಲ್ಲ. ಹನ್ನೊಂದರ ಮಾತು ಆಮೇಲೆ. ನನ್ನ ಪ್ರಶ್ನೆ ಬೆಂಚಿನದು. ಕಾಯೋಕೆ ಜಾಗ, ಕಾಯೋವಾಗ ಕಲಿಯೋಕೆ ನೆಟ್ಟು, ಕಾಯೋವಾಗ ಹೊಟ್ಟೆಗೆ ಹಿಟ್ಟು. ಇಷ್ಟಿದ್ದರೆ ಮೆರಿಟ್ ತಾನಾಗೇ ಬರ್ತದೆ. ಗೌತಮ್‌ಗೆ ಬಂದಿದ್ದೂ ಹಂಗೇ. ತಂಡದಿಂದ ಹೊರಗಿದ್ದ ವರ್ಷಗಳಲ್ಲಿ ಅವನು ಸಿಮೆಂಟ್ ಬುಟ್ಟಿ ಎತ್ತಬೇಕಾಗಿದ್ದರೆ ಆ 134 ಎಲ್ಲಿರ್ತಿತ್ತು, ಆ 8 ವಿಕೆಟ್ ಎಲ್ಲಿರ್ತಿತ್ತು?

ನನ್ನ ಅಣ್ಣನ ಮಗ ಈಗ ಪಿಯುಸಿ. ಅಪ್ಪನ ಕೈಯೇ ಬಂದದ. ಹೋದ ವರ್ಷ ಒಂದು ಆಯ್ಕೆ ಶಿಬಿರಕ್ಕೆ ಹೋಗೋದಿತ್ತು. "ಕಾಕಾ, ಐನೂರು ರೂಪಾಯಿ ಕೊಡು, ಬೆಳಗ್ಗಿನ ಬಸ್ಸಿಗೆ ಹೋಗ್ತೀನಿ" ಅಂದ. ಕೊಟ್ಟೆ. ಯಾರದೋ ಶೂ ಇಸಕೊಂಡು ಹೋದ. ಮಧ್ಯಾಹ್ನ ಮೂರಕ್ಕೆ ಅವನ ಪಾಳಿ ಬಂತಂತೆ. ನಾಲ್ಕು ಬಾಲ್ ಹಾಕಿದ. "ಸಾಕು, ನೆಕ್ಸ್ಟ್" ಅಂದರಂತೆ. ಹೆಸರು ಬರೆದುಕೊಂಡರೋ ಇಲ್ಲವೋ ಅದೂ ಅವನಿಗೆ ಗೊತ್ತಿಲ್ಲ. ರಾತ್ರಿ ಮನೆಗೆ ಬಂದಾಗ ಅವರಪ್ಪ ಕೇಳಿದ, "ಏನಾತೋ?" ಹುಡುಗ ಅಂದ, "ನಾಕ್ ಬಾಲ್ ಹಾಕಿದೆ ಯಪ್ಪಾ." ಅಣ್ಣ ನನ್ನ ಕಡೆ ನೋಡಿದ. ಮಾತಾಡಲಿಲ್ಲ.

ಗೌತಮ್‌ಗೆ ಮುಂಬೈನಲ್ಲಿ ಆಗಲಿಲ್ಲ ಅಂದರೆ ರಾಜಸ್ಥಾನ ಇತ್ತು, ಅದು ಬಿಟ್ಟರೆ ಪಂಜಾಬ್, ಚೆನ್ನೈ, ಲಖನೌ ಇತ್ತು. ಜಾನ್ಸನ್‌ಗೆ ಹದಿನಾಲ್ಕು ಊರು ಇತ್ತು. ನಮ್ಮ ಹುಡುಗನಿಗೆ ನಾಲ್ಕು ಬಾಲ್.

ಹಂಗಾಗಿ ಗೆಳೆಯರೆ, ಬೆಂಚಿನ ಮೇಲೆ ಕೂತವರ ತಾಳ್ಮೆ ಹೊಗಳೋ ಪೋಸ್ಟುಗಳು ಬಂದಾಗ, "ಕಾದರೆ ಫಲ ಸಿಕ್ಕೇ ಸಿಗ್ತದೆ" ಅಂತ ಬರೆದಾಗ, ಸ್ವಲ್ಪ ನಿಂತು ನೋಡ್ರಿ. ಕಾಯೋದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಪಟ್ಟಿ ಯಾರು ಬರೀತಾರೆ, ಎಷ್ಟು ಬಾಲ್ ನೋಡಿ ಬರೀತಾರೆ, ಅಷ್ಟು ಕೇಳ್ರಿ.

ನಮ್ಮೂರಲ್ಲಿ ಒಂದು ಬಂಡೆ ಐತಿ. 1915ರಲ್ಲಿ ಸಿಕ್ಕ ಅಶೋಕನ ಶಾಸನ, ಅಶೋಕ ಅನ್ನೋ ಹೆಸರೇ ಇರೋ ಶಾಸನ ಅಂತ ಜಗತ್ತಿಗೆಲ್ಲಾ ಗೊತ್ತು. ಪಠ್ಯದಲ್ಲಿ ಹೆಸರಿನ ಮಾತು ಮಾತ್ರ ಹೇಳ್ತಾರೆ. ಆ ಬಂಡೆ ಮೇಲೆ ಇನ್ನೊಂದು ಮಾತೂ ಐತಿ: ಇದು ದೊಡ್ಡವರಿಗೆ ಮಾತ್ರ ಆಗೋದು ಅಂತ ತಿಳಿಯಬ್ಯಾಡ್ರಿ, ಸಣ್ಣವನೂ ಧಮ್ಮದಲ್ಲಿ ನಡೆದರೆ ಮುಟ್ಟಬಹುದು ಅನ್ನೋ ಅರ್ಥದ್ದು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಕಲ್ಲಲ್ಲಿ ಕೊರೆದಿದ್ದನ್ನ ನಮ್ಮ ಆಯ್ಕೆ ಸಮಿತಿಗಳಿಗೆ ಇನ್ನೂ ಓದಿ ಹೇಳಬೇಕಾಗಿದೆ.

ಸೋಮವಾರ ಬೆಳಗ್ಗೆ 11ಕ್ಕೆ ಮಸ್ಕಿ ತಹಶೀಲ್ದಾರ್ ಕಚೇರಿಗೆ ಮನವಿ ಕೊಡ್ತಿದ್ದೀವಿ. ಬೇಡಿಕೆ ಮೂರೇ. ಒಂದು, ತಾಲೂಕಿನ ಮೈದಾನದಲ್ಲಿ ಎಲ್ಲಾ ಹುಡುಗರಿಗೂ, ಹುಡುಗಿಯರಿಗೂ ಒಂದು ನೆಟ್ಟು, ಒಬ್ಬ ತರಬೇತುದಾರ. ಎಸ್‌ಸಿಎಸ್‌ಪಿ, ಟಿಎಸ್‌ಪಿ ಹಣ ರಸ್ತೆ, ಚರಂಡಿಗೆ ಅಂತ ಸುರಿಯೋದು ಬಿಟ್ಟು ಇದಕ್ಕೂ ಕೊಡಲಿ. ಎರಡು, ಯಾವುದೇ ಆಯ್ಕೆ ಶಿಬಿರ ನಡೆದರೂ ಬಂದವರೆಷ್ಟು, ಯಾರಿಗೆ ಎಷ್ಟು ಓವರ್ ಕೊಟ್ಟರು, ಯಾರನ್ನ ತಗೊಂಡರು ಅನ್ನೋ ಪಟ್ಟಿ ಗೋಡೆಗೆ ಹಚ್ಚಲಿ. ಮೂರು, ಕಚೇರಿಗಳಲ್ಲಿ ವರ್ಷಗಟ್ಟಲೆ ಪ್ರಭಾರದಲ್ಲಿ ದುಡೀತಿರೋ ಪರಿಶಿಷ್ಟ ನೌಕರರ ಹೆಸರು, ಹುದ್ದೆ, ಅವಧಿ ಪ್ರಕಟ ಮಾಡಲಿ, ಬ್ಯಾಕ್‌ಲಾಗ್ ಹುದ್ದೆ ತುಂಬಲಿ.

ನಾನು ಅವತ್ತು ರಜೆ ಹಾಕಿದ್ದೀನಿ. ಅಣ್ಣನೂ ಬರ್ತೀನಿ ಅಂದಾನ. ಸಿಂಧನೂರು, ಲಿಂಗಸುಗೂರು ಕಡೆಯ ಗೆಳೆಯರು ಬಂದರೆ ಬಲ ಬರ್ತದ. ಬಿಸಿಲು ಜಾಸ್ತಿ ಐತಿ, ಕೊಡ ತುಂಬಿಸಿ ಇಡ್ತೀವಿ. ನೀರು ನಾವೇ ಕೊಡ್ತೀವಿ, ಎಲ್ಲರೂ ಕುಡೀರಿ.

ಜೈ ಭೀಮ್.